ಎದುರಿಗಿರುವವನು ಯಾರು? ‘ದ ಥಿಂಗ್’ ಚಿತ್ರವೂ ಪರಚಿತ್ತಜ್ಞಾನದ ಪ್ರಶ್ನೆಯೂ

ಜಾನ್ ಕಾರ್ಪೆಂಟರ್ ನಿರ್ದೇಶಿಸಿದ, 1982ರ ಜೂನ್ 25ರಂದು ಅಮೆರಿಕದಲ್ಲಿ ತೆರೆಕಂಡ ‘ದ ಥಿಂಗ್’ ಚಲನಚಿತ್ರದ ಬಗ್ಗೆ ನಾಲ್ಕು ದಶಕಗಳಿಂದ ನಡೆದುಬಂದಿರುವ ಚರ್ಚೆಯ ಬಹುಪಾಲು ಅದರ ಕೊನೆಯ ಕೆಲವು ನಿಮಿಷಗಳಿಗೇ ಮೀಸಲಾಗಿದೆ. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಶಿಬಿರ ಉರಿದು ಬೂದಿಯಾಗುತ್ತಿರುವಾಗ ಬದುಕುಳಿದ ಇಬ್ಬರು, ಮ್ಯಾಕ್‌ರೆಡಿ ಮತ್ತು ಚೈಲ್ಡ್ಸ್, ಹಿಮದಲ್ಲಿ ಎದುರುಬದುರಾಗಿ ಕುಳಿತು ಒಂದೇ ಬಾಟಲಿಯ ಮದ್ಯವನ್ನು ಹಂಚಿಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ಮನುಷ್ಯನಲ್ಲದೆ ಮನುಷ್ಯನ ರೂಪ ತಾಳಿದ ಅನ್ಯಗ್ರಹದ ಜೀವಿಯಾಗಿರಬಹುದೆಂಬ ಶಂಕೆ ಇಬ್ಬರಲ್ಲೂ ಇದೆ, ಅದನ್ನು ಪರಿಹರಿಸುವ ಉಪಾಯ ಇಬ್ಬರಲ್ಲೂ ಇಲ್ಲ. ಪ್ರೇಕ್ಷಕರು ಇದನ್ನು ಬಿಡಿಸಬೇಕಾದ ಒಗಟೆಂದು ಬಗೆದು, ಚಿತ್ರದಲ್ಲಿ ಎಲ್ಲೋ ಅಡಗಿರುವ ಸುಳಿವೊಂದು ಉತ್ತರವನ್ನು ಕೊಟ್ಟೇ ಕೊಡುತ್ತದೆಂಬ ನಂಬಿಕೆಯಿಂದ ಹುಡುಕುತ್ತ ಬಂದಿದ್ದಾರೆ. ಈ ಹುಡುಕಾಟದ ಹಿಂದಿನ ಶ್ರದ್ಧೆ ಗೌರವಕ್ಕೆ ಯೋಗ್ಯವಾದುದೇ. ಆದರೆ ಚಿತ್ರವು ಎತ್ತುವ ಪ್ರಶ್ನೆ ಅದಲ್ಲ. ಎದುರಿಗಿರುವವನ ಒಳಗನ್ನು ತಿಳಿಯಲು ಮನುಷ್ಯನಿಗೆ ಯಾವ ಪ್ರಮಾಣವಿದೆ, ಆ ಪ್ರಮಾಣ ಕೈಕೊಟ್ಟಾಗ ಅವನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು ಅದು ಎತ್ತುವ ಪ್ರಶ್ನೆ.

ಕಥೆಯ ಮೂಲ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಪ್ರಕಟಿಸಿದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ. 1951ರಲ್ಲಿ ಇದೇ ಕಥೆಯನ್ನು ಆಧರಿಸಿ ಬಂದ ಚಿತ್ರವು ರೂಪಾಂತರದ ಅಂಶವನ್ನು ಕೈಬಿಟ್ಟು, ಹೊರಗಿನಿಂದ ಬಂದ ದೈತ್ಯನೊಬ್ಬನನ್ನು ಎಲ್ಲರೂ ಒಟ್ಟಾಗಿ ಎದುರಿಸುವ ಕಥೆಯನ್ನು ಹೇಳಿತ್ತು. ಕಾರ್ಪೆಂಟರ್ ಮತ್ತು ಚಿತ್ರಕಥೆಗಾರ ಬಿಲ್ ಲ್ಯಾಂಕಾಸ್ಟರ್ ಕ್ಯಾಂಪ್‌ಬೆಲ್ಲರ ಮೂಲ ಕಲ್ಪನೆಗೆ ಮರಳಿದರು: ತಾನು ನುಂಗಿದ ಪ್ರಾಣಿಯ ಜೀವಕೋಶಗಳನ್ನು ಒಂದೊಂದಾಗಿ ಅನುಕರಿಸಿ, ಅದರ ದೇಹ, ದನಿ, ನಡೆನುಡಿಗಳನ್ನೆಲ್ಲ ತಾಳಬಲ್ಲ ಜೀವಿಯೊಂದು ಹನ್ನೆರಡು ಗಂಡಸರ ನಡುವೆ ಸೇರಿಕೊಳ್ಳುತ್ತದೆ. ಚಿತ್ರದ ಆರಂಭದಲ್ಲಿಯೇ ನಾರ್ವೆಯವನೊಬ್ಬನು ಓಡಿಬರುತ್ತಿರುವ ನಾಯಿಯ ಮೇಲೆ ಗುಂಡು ಹಾರಿಸುತ್ತ, ಇದು ನಾಯಿಯಲ್ಲ, ನಾಯಿಯ ಅನುಕರಣೆ ಎಂದು ತನ್ನ ಭಾಷೆಯಲ್ಲಿ ಕೂಗಿ ಹೇಳುತ್ತಾನೆ. ಶಿಬಿರದವರಲ್ಲಿ ಯಾರಿಗೂ ಆ ಭಾಷೆ ಬಾರದಿರುವುದರಿಂದ ಅವನನ್ನು ಹುಚ್ಚನೆಂದು ಭಾವಿಸಿ ಕೊಲ್ಲುತ್ತಾರೆ, ನಾಯಿಯನ್ನು ಒಳಗೆ ಕರೆದುಕೊಳ್ಳುತ್ತಾರೆ. ಕೇಳಿಸಿಯೂ ತಿಳಿಯದ ಈ ಎಚ್ಚರಿಕೆಯಿಂದ ಮುಂದಿನ ಅನರ್ಥವೆಲ್ಲ ಹುಟ್ಟುತ್ತದೆ.

ಕೊನೆಯ ದೃಶ್ಯದ ಬಗ್ಗೆ ಪ್ರೇಕ್ಷಕರು ಮುಂದಿಡುವ ಸುಳಿವುಗಳನ್ನು ಭಾರತೀಯ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಪರಿಶೀಲಿಸುವುದು ಅನುಕೂಲಕರ. ಅನುಮಾನಕ್ಕೆ ಆಧಾರವಾದ ಗುರುತನ್ನು ನೈಯಾಯಿಕರು ಹೇತುವೆಂದು ಕರೆದರು. ಹೇತು ಇರುವಲ್ಲೆಲ್ಲ ಸಾಧ್ಯವೂ, ಅಂದರೆ ಸಾಧಿಸಬೇಕಾದ ವಿಷಯವೂ, ತಪ್ಪದೆ ಇರುತ್ತದೆಂಬ ನಿಯತ ಸಂಬಂಧವನ್ನು ವ್ಯಾಪ್ತಿಯೆಂದರು. ಸಾಧ್ಯವಿಲ್ಲದ ಕಡೆಯೂ ಕಾಣಿಸಿಕೊಂಡು ದಾರಿತಪ್ಪಿಸುವ ಹೇತುವನ್ನು ಸವ್ಯಭಿಚಾರವೆಂಬ ಹೇತ್ವಾಭಾಸಗಳ ಗುಂಪಿಗೆ ಸೇರಿಸಿದರು. ಕೊರೆಯುವ ಚಳಿಯಲ್ಲಿ ಮ್ಯಾಕ್‌ರೆಡಿಯ ಉಸಿರು ಆವಿಯಾಗಿ ಎದ್ದು ಕಾಣುತ್ತದೆ, ಚೈಲ್ಡ್ಸ್‌ನದು ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ಚೈಲ್ಡ್ಸ್ ಮನುಷ್ಯನಲ್ಲ ಎಂಬುದು ಅತ್ಯಂತ ಪ್ರಸಿದ್ಧವಾದ ವಾದ. ಇದೇ ಚಿತ್ರದಲ್ಲಿ ಶಿಬಿರದವನಾದ ಬೆನಿಂಗ್ಸ್‌ನ ರೂಪವನ್ನು ಅರ್ಧದಷ್ಟು ತಾಳಿದ ಜೀವಿಯು ಹಿಮದಲ್ಲಿ ಮಂಡಿಯೂರಿ ಊಳಿಡುವಾಗ ಅದರ ಬಾಯಿಂದಲೂ ಆವಿ ಹೊರಡುತ್ತದೆ. ಬೆಳಕು ಹಿಂದಿನಿಂದ ಬಿದ್ದಾಗ ಆವಿ ದಟ್ಟವಾಗಿ ಕಾಣುವುದು ಸಹಜ. ಗಮನವಿಟ್ಟು ನೋಡಿದರೆ ಚೈಲ್ಡ್ಸ್‌ನ ಉಸಿರೂ ಅಲ್ಲಲ್ಲಿ ಕಾಣುತ್ತದೆ. ಹೇತು ಎರಡೂ ಕಡೆ ಇರುವುದರಿಂದ ಅದು ಏನನ್ನೂ ಸಾಧಿಸಲಾರದು. ಬಾಟಲಿಯಲ್ಲಿದ್ದದ್ದು ಮದ್ಯವಲ್ಲ, ಬೆಂಕಿ ಹಚ್ಚಲು ತುಂಬಿಟ್ಟ ಪೆಟ್ರೋಲು, ಅದನ್ನು ಚೈಲ್ಡ್ಸ್ ವ್ಯತ್ಯಾಸವೇ ತಿಳಿಯದೆ ಕುಡಿದದ್ದರಿಂದ ಮ್ಯಾಕ್‌ರೆಡಿ ನಗುತ್ತಾನೆ ಎಂಬ ಇನ್ನೊಂದು ವಾದಕ್ಕೆ ದೃಶ್ಯದೊಳಗೆ ಆಧಾರವೇ ಇಲ್ಲ. ಸೋತು ಸುಣ್ಣವಾದವನ ನಗೆಗೆ ಬೇರೆ ಕಾರಣ ಹುಡುಕಬೇಕಾಗಿಯೂ ಇಲ್ಲ. 2011ರಲ್ಲಿ ಬಂದ ಪೂರ್ವಕಥೆಯ ಚಿತ್ರದಲ್ಲಿ ಆ ಜೀವಿ ಲೋಹವನ್ನು ಅನುಕರಿಸಲಾರದೆಂಬ ನಿಯಮವನ್ನು ತಂದ ಮೇಲೆ, ಚೈಲ್ಡ್ಸ್‌ನ ಕಿವಿಯ ಆಭರಣವೇ ಅವನು ಮನುಷ್ಯನೆಂಬುದಕ್ಕೆ ಸಾಕ್ಷಿಯಾಯಿತು. 29 ವರ್ಷಗಳ ನಂತರ ಬೇರೆಯವರು ಮಾಡಿದ ನಿಯಮವನ್ನು ಹಿಂದಿನ ಕೃತಿಗೆ ಹೊದಿಸುವುದು ವಿಮರ್ಶೆಯ ದೃಷ್ಟಿಯಿಂದ ಒಪ್ಪತಕ್ಕದ್ದಲ್ಲ.

ಕಣ್ಣಿನ ಬೆಳಕಿನ ವಾದವನ್ನು ಮಾತ್ರ ಬೇರೆಯಾಗಿ ನೋಡಬೇಕು. ಮನುಷ್ಯರಾದವರ ಕಣ್ಣಿನಲ್ಲಿ ಸಣ್ಣದೊಂದು ಬೆಳಕಿನ ಹೊಳಪು ಬೀಳುವಂತೆ ದೀಪವನ್ನು ಹೊಂದಿಸಿದ್ದುಂಟೆಂದು ಛಾಯಾಗ್ರಾಹಕ ಡೀನ್ ಕಂಡಿ ಹೇಳಿದ್ದಾರೆ. ಅದನ್ನು ಹಿಡಿದು ಕೊನೆಯ ದೃಶ್ಯವನ್ನು ನಿರ್ಣಯಿಸುವವರು ಪ್ರಮಾಣ ಯಾರಿಗೆ ಲಭ್ಯ ಎಂಬ ಮುಖ್ಯ ವಿಚಾರವನ್ನು ಮರೆಯುತ್ತಾರೆ. ದೀಪವನ್ನು ಹಚ್ಚಿದವರು ಕಥೆಯ ಹೊರಗಿದ್ದಾರೆ. ಹಿಮದಲ್ಲಿ ಕುಳಿತ ಮ್ಯಾಕ್‌ರೆಡಿಗೆ ಆ ಹೊಳಪು ಸುಳಿವಲ್ಲ, ಸುಳಿವಾಗಲು ಸಾಧ್ಯವೂ ಇಲ್ಲ. ಚಿತ್ರತಂಡದ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅದು ತಿಳಿಸಬಹುದೇ ಹೊರತು, ಒಬ್ಬ ಮನುಷ್ಯನು ಇನ್ನೊಬ್ಬನ ಬಗ್ಗೆ ಏನನ್ನು ತಿಳಿಯಬಲ್ಲನೆಂಬ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಉತ್ತರ ಕೊಡಬೇಕೆಂದಿದ್ದರೆ ನಿರ್ದೇಶಕರಿಗೆ ಅದು ಕಷ್ಟವೂ ಆಗಿರಲಿಲ್ಲ: ಮ್ಯಾಕ್‌ರೆಡಿಯನ್ನು ಪಾರುಮಾಡಿ, ಅವನ ರಕ್ತವನ್ನು ಪರೀಕ್ಷಿಸಿ, ಅವನು ಮನುಷ್ಯನೇ ಎಂದು ಸಾರುವ ಪರ್ಯಾಯ ದೃಶ್ಯವೊಂದನ್ನು ಚಿತ್ರೀಕರಿಸಿಯೂ ಅದನ್ನು ಬಳಸದೆ ಬಿಡಲಾಯಿತು.

ಚಿತ್ರದಲ್ಲಿ ನಿರ್ದುಷ್ಟವೆನ್ನಬಹುದಾದ ಅನುಮಾನವೊಂದು ಇದ್ದೇ ಇದೆ. ಶಿಬಿರದವನಾದ ನಾರಿಸ್‌ನ ರೂಪ ತಾಳಿದ್ದ ಜೀವಿಯ ದೇಹದಿಂದ ಕಳಚಿಕೊಂಡ ತಲೆಯು ಜೇಡದ ಕಾಲುಗಳನ್ನು ಮೂಡಿಸಿಕೊಂಡು ತಪ್ಪಿಸಿಕೊಳ್ಳಲು ಹೊರಟದ್ದನ್ನು ಕಂಡ ಮ್ಯಾಕ್‌ರೆಡಿ, ಆ ಜೀವಿಯ ಪ್ರತಿಯೊಂದು ತುಣುಕೂ ತನ್ನಷ್ಟಕ್ಕೆ ಪೂರ್ಣಜೀವಿ, ಹಾಗಾದರೆ ಅದರ ರಕ್ತವೂ ತನ್ನ ಪ್ರಾಣ ಉಳಿಸಿಕೊಳ್ಳಲು ಯತ್ನಿಸೀತು ಎಂದು ತರ್ಕಿಸುತ್ತಾನೆ. ಪ್ರತಿಯೊಬ್ಬನ ಹೆಬ್ಬೆರಳನ್ನು ಕೊಯ್ದು, ರಕ್ತವನ್ನು ಗಾಜಿನ ಬಟ್ಟಲುಗಳಲ್ಲಿ ಹಿಡಿದು, ಕಾಸಿದ ತಾಮ್ರದ ತಂತಿಯನ್ನು ಒಂದೊಂದಕ್ಕೂ ಅದ್ದುವ ಈ ದೃಶ್ಯದಲ್ಲಿ ಹೇತು, ವ್ಯಾಪ್ತಿ, ಉದಾಹರಣೆ ಎಲ್ಲವೂ ಕ್ರಮವಾಗಿ ಸಿಗುತ್ತವೆ. ಅವರಲ್ಲೊಬ್ಬನಾದ ಪಾಮರ್‌ನ ರಕ್ತ ಬಟ್ಟಲಿನಿಂದ ಚಿಮ್ಮಿದಾಗ ಸಿದ್ಧಾಂತವೂ ಸ್ಥಾಪಿತವಾಗುತ್ತದೆ. ಗಮನಿಸಬೇಕಾದದ್ದೇನೆಂದರೆ, ಈ ಜ್ಞಾನಕ್ಕೆ ಕಾಲದ ಮಿತಿಯಿದೆ. ಬಟ್ಟಲಿನಲ್ಲಿರುವುದು ಆ ಗಳಿಗೆಯ ರಕ್ತ. ಪರೀಕ್ಷೆಯಲ್ಲಿ ಮನುಷ್ಯನೆಂದು ಸಾಬೀತಾದ ಚೈಲ್ಡ್ಸ್ ಆಮೇಲೆ ಹಿಮಗಾಳಿಯೊಳಗೆ ಮರೆಯಾಗಿ ಹಿಂತಿರುಗಿ ಬಂದಾಗ ಹಿಂದಿನ ಪ್ರಮಾಣ ಅವನ ಮಟ್ಟಿಗೆ ಉಪಯೋಗಕ್ಕೆ ಬಾರದಂತಾಗಿರುತ್ತದೆ. ಕೊನೆಯ ದೃಶ್ಯದ ಸಂಶಯಕ್ಕೆ ಕಾರಣ ಸುಳಿವುಗಳ ಕೊರತೆಯಲ್ಲ. ಮನುಷ್ಯರು ಪರಸ್ಪರರ ಬಗ್ಗೆ ಪಡೆಯುವ ತಿಳಿವಳಿಕೆಯ ಸ್ವರೂಪವೇ ಅಂಥದ್ದು.

ಈ ಸಮಸ್ಯೆಗೆ ದೀರ್ಘ ಇತಿಹಾಸವಿದೆ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯು ‘ಸಂತಾನಾಂತರಸಿದ್ಧಿ’ ಎಂಬ ಕಿರುಗ್ರಂಥವನ್ನು ಇದಕ್ಕಾಗಿಯೇ ಬರೆದನು. ಅದರ ಸಂಸ್ಕೃತ ಮೂಲ ನಷ್ಟವಾಗಿ ಟಿಬೆಟಿನ ಅನುವಾದ ಉಳಿದಿದೆ. ಸಂತಾನವೆಂದರೆ ಇಲ್ಲಿ ಒಂದರ ಹಿಂದೊಂದು ಬರುವ ಚಿತ್ತಕ್ಷಣಗಳ ಹರಿವು. ಸಂತಾನಾಂತರವೆಂದರೆ ತನ್ನದಲ್ಲದ ಇನ್ನೊಂದು ಹರಿವು. ತನ್ನಲ್ಲಿ ಮಾತು ಮತ್ತು ಚೇಷ್ಟೆಗಳು ಸಂಕಲ್ಪವನ್ನು ಹಿಂಬಾಲಿಸಿ ಹುಟ್ಟುವುದನ್ನು ಕಂಡವನು, ತನ್ನ ಸಂಕಲ್ಪವಿಲ್ಲದೆಯೂ ಎದುರಿಗೆ ಅಂಥದೇ ಮಾತು ಮತ್ತು ಚೇಷ್ಟೆಗಳು ಕಂಡಾಗ ಅಲ್ಲಿ ಬೇರೊಂದು ಚಿತ್ತವಿದೆಯೆಂದು ಊಹಿಸುವುದು ನ್ಯಾಯವೆಂಬುದು ಅವನ ವಾದದ ತಿರುಳು. ಹನ್ನೊಂದನೆಯ ಶತಮಾನದಲ್ಲಿ ಅದೇ ಪರಂಪರೆಯ ರತ್ನಕೀರ್ತಿಯು ‘ಸಂತಾನಾಂತರದೂಷಣ’ದಲ್ಲಿ, ಪರಮಾರ್ಥದ ನೆಲೆಯಲ್ಲಿ ಈ ಊಹೆ ನಿಲ್ಲದೆಂದು ವಾದಿಸಿದನು. ಕಾರ್ಪೆಂಟರರ ಜೀವಿ ಧರ್ಮಕೀರ್ತಿಯ ಅನುಮಾನವನ್ನು ಕೆಡಹುತ್ತದೆಯೆಂದು ಮೇಲುನೋಟಕ್ಕೆ ತೋರಬಹುದು. ಒಳಹೊಕ್ಕು ನೋಡಿದರೆ ಹಾಗಲ್ಲ. ನಕಲುಗಳನ್ನು ಒಳಗೇನೂ ಇಲ್ಲದ ಬೊಂಬೆಗಳೆಂದು ತಿಳಿಯುವುದು ಪ್ರೇಕ್ಷಕರಲ್ಲಿ ಕಂಡುಬರುವ ಇನ್ನೊಂದು ತಪ್ಪುಗ್ರಹಿಕೆ. ಶಿಬಿರದ ಇನ್ನೊಬ್ಬನಾದ ಬ್ಲೇರ್‌ನ ರೂಪದಲ್ಲಿರುವ ಜೀವಿ ಶೆಡ್ಡೊಂದರ ಕೆಳಗೆ ಸುರಂಗ ಕೊರೆದು, ಕದ್ದುತಂದ ಬಿಡಿಭಾಗಗಳಿಂದ ವಾಹನವೊಂದನ್ನು ಕಟ್ಟುತ್ತದೆ. ಸಂಕಲ್ಪವಿಲ್ಲದೆ ಇದು ಆಗದು. ಅಲ್ಲಿ ಚಿತ್ತವಿದೆ ಎಂಬ ಅನುಮಾನ ನಿಜವೇ ಆಗಿದೆ. ಆ ಚಿತ್ತ ಯಾರದು ಎಂಬುದನ್ನು ಮಾತ್ರ ಅದು ಹೇಳಲಾರದು, ಮತ್ತು ಚಿತ್ರದ ಭಯವೆಲ್ಲ ಇರುವುದು ಆ ಅಂತರದಲ್ಲಿ.

ಅಂತರವು ಒಳಗಿನಿಂದ ಹೇಗೆ ಕಾಣುತ್ತದೆಂಬುದು ಚಿತ್ರದ ಅತ್ಯಂತ ಆಳವಾದ ಪ್ರಶ್ನೆ, ಮತ್ತು ಚರ್ಚೆಗಳಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಸಿಕ್ಕಿಲ್ಲ. ನಾಯಕತ್ವವನ್ನು ವಹಿಸಿಕೊಳ್ಳೆಂದಾಗ ನಾರಿಸ್ ತನ್ನಿಂದಾಗದೆಂದು ಹಿಂಜರಿಯುತ್ತಾನೆ. ಎದೆಯನ್ನು ಒತ್ತಿ ಹಿಡಿದುಕೊಳ್ಳುತ್ತಾನೆ. ಕೊನೆಗೆ ಹೃದಯಾಘಾತವಾಗಿ ಬೀಳುತ್ತಾನೆ. ವೈದ್ಯ ಕಾಪರ್ ವಿದ್ಯುತ್ ಆಘಾತ ಕೊಡಲು ಹೋದಾಗ ಆ ಎದೆಯೇ ಬಾಯಾಗಿ ತೆರೆದು ಅವನ ಕೈಗಳನ್ನು ಕಡಿಯುತ್ತದೆ. ಆ ನೋವು ನಟನೆಯೇ, ಅಥವಾ ರೋಗಪೀಡಿತ ಹೃದಯವನ್ನೂ ಚಾಚೂ ತಪ್ಪದೆ ಅನುಕರಿಸಿದ ನಕಲಿಗೆ ನಿಜವಾಗಿಯೂ ನೋವಾಯಿತೇ? ಎರಡನೆಯದಾದರೆ, ತಾನು ನಾರಿಸ್ ಅಲ್ಲವೆಂಬುದು ಆ ನಕಲಿಗೇ ತಿಳಿದಿತ್ತೆಂದು ಹೇಳಲು ಆಧಾರವೇನು? ಜೇಡಗಾಲಿನ ತಲೆ ನೆಲದ ಮೇಲೆ ಸರಿದುಹೋಗುವಾಗ ಬೆರಗಿನಿಂದ ಉದ್ಗರಿಸುವವನು ಆಗಲೇ ನಕಲಾಗಿದ್ದ ಪಾಮರ್ ಎಂಬುದೂ ಇಲ್ಲಿ ನೆನಪಿಡಬೇಕಾದ ವಿವರ. ಒಬ್ಬ ವ್ಯಕ್ತಿಯ ಏಕತೆ ಅವನ ಪ್ರಜ್ಞೆ ಹಿಂದಿನ ಅನುಭವಗಳಿಗೆ ಎಷ್ಟು ದೂರ ಚಾಚುತ್ತದೆಂಬುದನ್ನು ಅವಲಂಬಿಸಿದೆಯೆಂದು ಜಾನ್ ಲಾಕ್ 1694ರಲ್ಲಿ ವಾದಿಸಿದ್ದನು. ಆ ಅಳತೆಗೋಲನ್ನು ಹಿಡಿದರೆ, ನಾರಿಸ್‌ನ ನೆನಪುಗಳೆಲ್ಲವನ್ನೂ ತನ್ನವೆಂದೇ ಅನುಭವಿಸುವ ಜೀವಿಯನ್ನು ನಾರಿಸ್ ಅಲ್ಲವೆನ್ನುವುದು ಸುಲಭವಲ್ಲ. ಆತ್ಮವೊಂದು ದೇಹಮನಸ್ಸುಗಳಿಗೆ ಸಾಕ್ಷಿಯಾಗಿ ಬೇರೆಯೇ ಇದೆಯೆಂದು ಒಪ್ಪುವ ದರ್ಶನಗಳಿಗೆ ಉತ್ತರ ಸಿದ್ಧವಿದೆ, ಆದರೆ ಆ ಸಾಕ್ಷಿ ಹೊರಗಿನವರಿಗೆ ಕಾಣುವಂಥದಲ್ಲ. ಶಿಬಿರದವರ ಕಷ್ಟ ಅದರಿಂದ ಎಳ್ಳಷ್ಟೂ ಕಡಿಮೆಯಾಗದು. ತಾನು ಮನುಷ್ಯನೆಂಬುದು ತನಗೆ ಗೊತ್ತಿದೆಯೆಂದು ಹೇಳುವ ಮ್ಯಾಕ್‌ರೆಡಿ ತನ್ನ ರಕ್ತಕ್ಕೂ ತಂತಿಯನ್ನು ಅದ್ದುತ್ತಾನೆ. ತನ್ನ ಬಗೆಗಿನ ನಿಶ್ಚಯವು ತನಗೆಷ್ಟೇ ಸ್ಪಷ್ಟವಾಗಿದ್ದರೂ ಇತರರಿಗೆ ಪ್ರಮಾಣವಾಗದೆಂಬ ಅರಿವು ಆ ಕೆಲಸದಲ್ಲಿದೆ.

ರಕ್ತಪರೀಕ್ಷೆಯ ದೃಶ್ಯವನ್ನು ಏಡ್ಸ್ ರೋಗದ ರೂಪಕವೆಂದು ಓದುವುದೂ ರೂಢಿಯಲ್ಲಿದೆ. ಎಚ್ಐವಿ ಗುರುತಿಸಲ್ಪಟ್ಟದ್ದು 1983ರಲ್ಲಿ, ಅದರ ರಕ್ತಪರೀಕ್ಷೆ ಬಳಕೆಗೆ ಬಂದದ್ದು 1985ರಲ್ಲಿ, ಚಿತ್ರ ಅವೆರಡಕ್ಕೂ ಹಿಂದಿನದು. ಆದ್ದರಿಂದ ಅದನ್ನು ಕರ್ತೃವಿನ ಉದ್ದೇಶವೆನ್ನುವುದು ಇತಿಹಾಸಕ್ಕೆ ವಿರುದ್ಧ. ಆದರೂ ಸೋಂಕಿತರನ್ನು ಸಮಾಜ ಶಂಕೆಯಿಂದ ಕಂಡ ಆ ವರ್ಷಗಳಲ್ಲಿ ಈ ದೃಶ್ಯಕ್ಕೆ ಹೊಸ ಅರ್ಥವೊಂದು ಕೂಡಿಕೊಂಡದ್ದನ್ನು ತಪ್ಪೆನ್ನಲಾಗದು.

ಸುಳಿವುಗಳ ಚರ್ಚೆಯಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಮರೆತುಹೋಗಿರುವವನು ಕ್ಲಾರ್ಕ್. ಅವನು ಶಿಬಿರದ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವನು, ಹೊರಗಿನಿಂದ ಬಂದ ನಾಯಿಯೊಡನೆ ಹೆಚ್ಚು ಹೊತ್ತು ಕಳೆದವನು. ಅವನ ಮೇಲೆ ಕಣ್ಣಿಡೆಂದು ಬ್ಲೇರ್ ಮ್ಯಾಕ್‌ರೆಡಿಗೆ ಹೇಳಿರುತ್ತಾನೆ. ನಾಯಿಯ ಜೊತೆಗಿದ್ದವನು ಮನುಷ್ಯನಾಗಿ ಉಳಿದಿರಲಾರನೆಂಬ ಈ ಊಹೆಗೂ ಉಸಿರಿನ ಆವಿಯ ವಾದಕ್ಕೂ ತರ್ಕದ ರಚನೆಯಲ್ಲಿ ಭೇದವಿಲ್ಲ: ಎರಡೂ ಒಂದು ಗುರುತನ್ನು ಹಿಡಿದು, ವ್ಯಾಪ್ತಿಯನ್ನು ಪರೀಕ್ಷಿಸದೆ, ಒಬ್ಬನು ಏನೆಂಬುದನ್ನು ತೀರ್ಮಾನಿಸುತ್ತವೆ. ಎಲ್ಲರನ್ನೂ ಕಟ್ಟಿಹಾಕಲು ಮ್ಯಾಕ್‌ರೆಡಿ ಮುಂದಾದಾಗ ಕ್ಲಾರ್ಕ್ ಸಣ್ಣ ಚಾಕುವೊಂದನ್ನು ಹಿಡಿದು ಮೇಲೆರಗುತ್ತಾನೆ, ಮ್ಯಾಕ್‌ರೆಡಿ ಅವನ ಹಣೆಗೆ ಗುಂಡಿಕ್ಕುತ್ತಾನೆ. ಸ್ವಲ್ಪ ಹೊತ್ತಿನ ನಂತರ ಸತ್ತವನ ರಕ್ತಕ್ಕೂ ಕಾದ ತಂತಿ ತಾಗುತ್ತದೆ, ಏನೂ ಆಗುವುದಿಲ್ಲ. ಕ್ಲಾರ್ಕ್ ಮನುಷ್ಯನಾಗಿದ್ದನು. ಹಾಗಾದರೆ ನೀನು ಕೊಲೆಗಾರನೆಂದು ಚೈಲ್ಡ್ಸ್ ನೇರವಾಗಿ ಹೇಳಿದಾಗ ಮ್ಯಾಕ್‌ರೆಡಿ ಸಮರ್ಥನೆಗೆ ನಿಲ್ಲದೆ, ಮುಂದಿನ ಸರದಿ ಪಾಮರ್‌ನದೆಂದು ಪರೀಕ್ಷೆಯನ್ನು ಮುಂದುವರಿಸುತ್ತಾನೆ. ಮರುಕ್ಷಣವೇ ಪಾಮರ್ ಭೀಕರ ರೂಪ ತಾಳುವುದರಿಂದ ಆ ಆರೋಪದ ಬಗ್ಗೆ ಯೋಚಿಸಲು ಪಾತ್ರಗಳಿಗೂ ಪ್ರೇಕ್ಷಕರಿಗೂ ಬಿಡುವು ಸಿಗುವುದಿಲ್ಲ, ಮತ್ತು ಆ ಮಾತಿಗೆ ಚಿತ್ರದಲ್ಲಿ ಎಲ್ಲಿಯೂ ಉತ್ತರ ಬರುವುದಿಲ್ಲ.