ಲುಪ್ತಾಕ್ಷರಗಳಿಗೆ ಸಾಕ್ಷಿ ಯಾರು?

ಗೆದ್ದಲು ತಿಂದ ಓಲೆಗರಿಯಲ್ಲಿ ಲೋಪವಾದ ಅಕ್ಷರಗಳನ್ನು ತುಂಬಬೇಕಾದ ಸಂಪಾದಕನು ಅದೇ ಗ್ರಂಥದ ಇತರ ಪ್ರತಿಗಳನ್ನು ನೋಡುವನು. ವಂಶವಿಜ್ಞಾನಿಗಳೂ ಈಗ ಇಂಥದೇ ಕಾರ್ಯವನ್ನು ಮಾಡುತ್ತಿರುವರು. ಮನುಷ್ಯನ ವಂಶಲಿಪಿಯು ಸುಮಾರು 300 ಕೋಟಿ ಅಕ್ಷರಗಳುಳ್ಳದ್ದು. ವೆಚ್ಚವು ಮಿತಿಮೀರದಂತೆ ಕೆಲವು ಲಕ್ಷ ಸ್ಥಾನಗಳನ್ನು ಮಾತ್ರ ಓದಿ, ಉಳಿದ ಭೇದಗಳನ್ನು, ಪೂರ್ತಿಯಾಗಿ ಓದಿಟ್ಟಿರುವ ಬೇರೆಯವರ ಲಿಪಿಗಳಿಂದ ಊಹಿಸುವರು. ಪೂರ್ವಜರ ಲಿಪಿಖಂಡಗಳು ಅನೇಕ ತಲೆಮಾರುಗಳವರೆಗೆ ಒಡೆಯದೆ ಇಳಿದು ಬರುವುದೇ ಈ ಊಹೆಗೆ ಆಧಾರ. ಹೀಗೆ ಸಾಕ್ಷಿಯಾಗಿ ನಿಲ್ಲುವ ಲಿಪಿಗಳ ಸಮೂಹವನ್ನು ಆಧಾರಕೋಶವೆನ್ನಬಹುದು. ಅದರಲ್ಲಿ ಯಾರಿರಬೇಕೆಂಬುದು ಗಣಿತದ ಪ್ರಶ್ನೆಯಂತೆ ತೋರಿದರೂ ಧರ್ಮದ ಪ್ರಶ್ನೆಯೂ ಅಹುದು.

ಅಮೆರಿಕದಲ್ಲಿನ ಆಫ್ರಿಕಾಮೂಲದ ಜನರನ್ನು ನೋಡಬಹುದು. ದಾಸರಾಗಿ ಒಯ್ಯಲ್ಪಟ್ಟವರ ಈ ಸಂತತಿಯಲ್ಲಿ ಯೂರೋಪಿನ ವಂಶವೂ ಬೆರೆತಿದೆ. ಒಬ್ಬನ ಲಿಪಿಯಲ್ಲಿಯೇ ಒಂದು ಖಂಡ ಆಫ್ರಿಕದ್ದು, ಮತ್ತೊಂದು ಯೂರೋಪಿನದು. 2015ರಲ್ಲಿ ಪೂರ್ಣಗೊಂಡ 'ಸಾವಿರ ಜೀನೋಮ್' ಕೋಶದಲ್ಲಿ 26 ಜನಸಮೂಹಗಳ 2,504 ಮಂದಿಯಿರುವರು. ಮರುವರ್ಷ ಪ್ರಕಟವಾದ ಇನ್ನೊಂದರಲ್ಲಿ 32,488 ಮಂದಿ, ಬಹುಪಾಲು ಯೂರೋಪುಮೂಲದವರು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಾಕ್ಷಿ ಪೂರ್ಣವಾಯಿತೆ? ಮೂತ್ರಪಿಂಡರೋಗದ ಅಪಾಯವನ್ನು ಹೆಚ್ಚಿಸುವ ಎರಡು ಭೇದಗಳು 'ಎಪಿಓಎಲ್1' ಎಂಬ ಜೀನಿನಲ್ಲಿರುವುದು 2010ರಲ್ಲಿ ತಿಳಿದುಬಂದಿತು. ಪಶ್ಚಿಮ ಆಫ್ರಿಕದ ಸಂತತಿಯಲ್ಲಿ ಅವು ವಿರಳವಲ್ಲ. ಯೂರೋಪಿನವರಲ್ಲಿ ಇಲ್ಲವೆಂದೇ ಹೇಳಬಹುದು. ಯೂರೋಪಿನವರೇ ತುಂಬಿದ ಕೋಶವು ಎಷ್ಟೇ ವಿಸ್ತಾರವಾಗಿರಲಿ, ತನ್ನಲ್ಲಿಲ್ಲದ ಅಕ್ಷರವನ್ನು ಒದಗಿಸಲಾರದು. ಆಗ ರೋಗಿಯ ಅಪಾಯವೂ ಕಣ್ಣಿಗೆ ಬೀಳದು.

ಹಾಗೆಂದು ಆಫ್ರಿಕದವರನ್ನು ಮಾತ್ರ ಆರಿಸಿಕೊಂಡರೂ ನ್ಯಾಯವಾಗದು. ಆಗ ಯೂರೋಪಿನಿಂದ ಬಂದ ಖಂಡಗಳಿಗೆ ಸಾಕ್ಷಿ ತಪ್ಪುವುದು. ಮಿಶ್ರಸಂತತಿಗೆ ಅದರ ಎಲ್ಲ ಮೂಲಗಳೂ ಸಾಕಷ್ಟು ಸಂಖ್ಯೆಯಲ್ಲಿ ಸೇರಿದ ಕೋಶವೇ ಯೋಗ್ಯವು. ಭಾರತೀಯರಿಗೂ ಈ ಮಾತು ಸಲ್ಲುವುದು. ಇಲ್ಲಿಯ ಬಹುತೇಕ ಸಮುದಾಯಗಳು ಪ್ರಾಚೀನ ಮಿಶ್ರಣದಿಂದಾದವೆಂದು 2009ರ ಸಂಶೋಧನೆ ತೋರಿಸಿತು. 'ಸಾವಿರ ಜೀನೋಮ್' ಕೋಶದಲ್ಲಿ ಗುಜರಾತಿಗಳೂ ತೆಲುಗರೂ ಇರುವರು. ಕನ್ನಡಿಗರ ಪ್ರತ್ಯೇಕ ಸಮೂಹವಿಲ್ಲ. ಹತ್ತು ಸಾವಿರ ಭಾರತೀಯರ ಲಿಪಿಗಳನ್ನು ಓದಿಸಿದ, 2020ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆಯ ಮಹತ್ತ್ವವು ಇದರಿಂದ ವ್ಯಕ್ತವಾಗುವುದು.

ಉತ್ತಮ ಸಂಪಾದಕನು ತಾನು ಊಹಿಸಿದ ಅಕ್ಷರವನ್ನು ಕಂಸದೊಳಗಿಡುವನು. ಆಧಾರವಿಲ್ಲದೆಡೆಯನ್ನು ಬರಿದಾಗಿಯೇ ಬಿಡುವನು. ವಿಜ್ಞಾನಿಗಳೂ ಪ್ರತಿಯೊಂದು ಊಹೆಯ ವಿಶ್ವಾಸಾರ್ಹತೆಯನ್ನು ಅಂಕಿಯಲ್ಲಿ ಗುರುತಿಸುವರು. ಆದರೆ ಕೋಶದಲ್ಲಿ ಬಾರದೆಯೇ ಹೋದ ಅಕ್ಷರಕ್ಕೆ ಅಂಕಿಯೂ ಇಲ್ಲ, ಕಂಸವೂ ಇಲ್ಲ. ಸಾಕ್ಷಿಯನ್ನು ಕರೆಯದೆ, ಆತನು ಏನೂ ನುಡಿಯಲಿಲ್ಲವೆಂದು ತೀರ್ಪು ಬರೆಯುವುದು ಯಾವ ಶಾಸ್ತ್ರಕ್ಕೂ ಒಪ್ಪುವುದಲ್ಲ.