ಬಲಿಪೀಠದ ಜಾಗದಲ್ಲಿ ಬಿಯರ್ ಹಂಡೆ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಲಾರೆನ್ಸ್‌ವಿಲ್ ಬಡಾವಣೆಯಲ್ಲಿ 1902ರಲ್ಲಿ ಸ್ನಾನಿಕ ಯೊವಾನ್ನರ ಹೆಸರಿನ ಕಥೋಲಿಕ ಇಗರ್ಜಿಯೊಂದು ಎದ್ದಿತು. ಉಕ್ಕಿನ ಊರೆಂದೇ ಹೆಸರಾದ ಪಟ್ಟಣ ಅದು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಜನ ಊರು ಬಿಟ್ಟರು, ಧರ್ಮಕೇಂದ್ರಗಳನ್ನು ಒಂದರೊಳಗೊಂದು ಸೇರಿಸಬೇಕಾಯಿತು. 1993ರಲ್ಲಿ ಈ ಇಗರ್ಜಿಗೂ ಬೀಗ ಬಿತ್ತು.

1996ರಲ್ಲಿ ಬಾಗಿಲು ಮತ್ತೆ ತೆರೆದಾಗ ಅದು ‘ಚರ್ಚ್ ಬ್ರೂ ವರ್ಕ್ಸ್’. ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಹೋಟೆಲು. ಉದ್ದನೆಯ ಪ್ರಾರ್ಥನಾ ಬೆಂಚುಗಳನ್ನು ಕತ್ತರಿಸಿ ಊಟದ ಮೇಜಿಗೆ ಜೋಡಿಸಿದರು. ಬಲಿಪೀಠವಿದ್ದ ಜಾಗದಲ್ಲಿ ಬಿಯರ್ ಹಂಡೆಗಳು ಫಳಫಳ ಹೊಳೆದವು.

ಬಿಯರಿನ ಮೇಲೇ ಮುನಿಸಿಕೊಳ್ಳುವುದು ಕಥೋಲಿಕರಿಗೆ ಕಷ್ಟ. ಯೇಸುವಿನ ಮೊದಲ ಪವಾಡವೇ ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದ್ದು. ಬೆಲ್ಜಿಯಂನ ಟ್ರಾಪಿಸ್ಟ್ ಸನ್ಯಾಸಿಗಳ ಬಿಯರಂತೂ ಜಗತ್ಪ್ರಸಿದ್ಧ. ಕಸಿವಿಸಿ ಕುಡಿತದ್ದಲ್ಲ, ಹಂಡೆ ಕೂತ ಜಾಗದ್ದು.

ನಮ್ಮ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುನ್ನ ಆಗಮಿಕರು ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಆಕರ್ಷಿಸುತ್ತಾರೆ. ದೇವರು ಎಲ್ಲಿಗೆ ಹೋದ ಎಂಬ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇರುತ್ತದೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಅಂಥ ವಿಧಿಯನ್ನು ಕೇಳುವುದಿಲ್ಲ. ಗಂಭೀರ ಕಾರಣವಿದ್ದರೆ, ಗುರುಗಳ ಮಂಡಳಿಯ ಮಾತು ಕೇಳಿ, ಧರ್ಮಾಧ್ಯಕ್ಷರು ಇಗರ್ಜಿಯನ್ನು ಲೌಕಿಕ ಬಳಕೆಗೆ ಬಿಟ್ಟುಕೊಡಬಹುದು. ಆ ಬಳಕೆ ಹೀನವಾಗಿರಬಾರದು. ಹೀನ ಯಾವುದು? ಕಾನೂನು ಪಟ್ಟಿ ಕೊಟ್ಟಿಲ್ಲ. ಹೋಟೆಲಿನ ಊಟ ಹೀನವೇ, ಅಥವಾ ಮಾಡು ಸೋರಿ ಪಾರಿವಾಳಗಳ ಪಾಲಾಗುವುದು ಹೀನವೇ?

ಇನ್ನೂ ಸೋಜಿಗವೆಂದರೆ ಇದೇ ಕಾನೂನಿನ 1238ನೇ ವಿಧಿ. ಇಗರ್ಜಿ ಲೌಕಿಕವಾದರೂ ಬಲಿಪೀಠದ ಪ್ರತಿಷ್ಠೆ ಹೋಗುವುದಿಲ್ಲ ಎನ್ನುತ್ತದೆ ಅದು. ಗೋಡೆಯ ಪಾವಿತ್ರ್ಯ ಆದೇಶಕ್ಕೆ ಮಣಿಯುತ್ತದೆ, ಪೀಠದ್ದು ಮಣಿಯುವುದಿಲ್ಲ. ಹಾಗಾಗಿ ಪೀಠವನ್ನು ಮೊದಲೇ ಎತ್ತಿ ಸಾಗಿಸಬೇಕು. ಅಲ್ಲಿ ಉಳಿಯುವುದು ಬರೀ ನೆಲ. ಕಾನೂನಿನ ತರ್ಕ ಇಲ್ಲಿಗೆ ಅಚ್ಚುಕಟ್ಟಾಗಿ ಮುಗಿಯುತ್ತದೆ. ಅದೇ ಪೀಠದ ಮುಂದೆ ಮದುವೆಯಾದವಳಿಗೆ ಮಾತ್ರ ಆ ನೆಲ ಬರೀ ನೆಲವಾಗುವುದು ಹೇಗೆ? ಕಾನೂನು ಬಳಕೆಯನ್ನು ನೋಡುತ್ತದೆ, ಭಕ್ತರು ನೆನಪನ್ನು. ಭಕ್ತರ ಲೆಕ್ಕವೇ ಹೆಚ್ಚು ನಿಜವೆಂದು ತೋರುತ್ತದೆ, ಆದರೆ ನೆನಪಿನಿಂದ ಮಾಡು ರಿಪೇರಿಯಾಗುವುದಿಲ್ಲ.

ಈ ಇಕ್ಕಟ್ಟು ಒಂದೇ ಊರಿನದಲ್ಲ. 2018ರಲ್ಲಿ ವ್ಯಾಟಿಕನ್ನೇ ರೋಮಿನಲ್ಲಿ ಸಮ್ಮೇಳನ ಕರೆದು, ದೇವರು ಇನ್ನು ಇಲ್ಲಿ ವಾಸಿಸುವುದಿಲ್ಲವೇ ಎಂಬ ಪ್ರಶ್ನೆಯನ್ನೇ ಅದರ ಶೀರ್ಷಿಕೆಯಾಗಿಸಿತು.

ಪಿಟ್ಸ್‌ಬರ್ಗಿನವರು ತಮ್ಮ ಪಾಡಿಗೆ ಒಂದು ಉಪಾಯ ಮಾಡಿದ್ದರು. ಪಾಪನಿವೇದನೆಯ ಗೂಡೊಂದನ್ನು ಕೆಡವಿದಾಗ ಸಿಕ್ಕ ಇಟ್ಟಿಗೆಗಳನ್ನು ಎಸೆಯಲಿಲ್ಲ. ಹೋಟೆಲಿನ ಹೆಸರು ಹೊತ್ತು ಹೊರಗೆ ನಿಂತ ಫಲಕದ ಕಂಬಗಳಿಗೆ ಬಳಸಿದರು.