ಹೊತ್ತು ಒಯ್ದರೆ ಸಾಕೇ?



ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರ ನಮಗೆಲ್ಲ ಗೊತ್ತಿರುವ ಊರು. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ್ದು ಅಲ್ಲಿ. ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಅವರು ಗವರ್ನರ್ ಜನರಲ್ ಹುದ್ದೆಯಿಂದ ಇಳಿದ ದಿನವೇ, 1950ರ ಜನವರಿ 26ರಂದು, ನಮ್ಮ ಸಂವಿಧಾನ ಜಾರಿಗೆ ಬಂತು. ಅದರ 326ನೇ ವಿಧಿ ವಯಸ್ಕರಿಗೆಲ್ಲ ಮತದ ಹಕ್ಕು ಕೊಟ್ಟಿತು. ಓದು ಬರುತ್ತದೆಯೇ, ಹೊಲ ಇದೆಯೇ ಎಂದು ಅದು ಕೇಳಲಿಲ್ಲ. ಕಣ್ಣು ಕಾಣುತ್ತದೆಯೇ, ಕಾಲು ನಡೆಯುತ್ತದೆಯೇ ಎಂದೂ ಕೇಳಲಿಲ್ಲ. ಆದರೆ ಮತಗಟ್ಟೆಯ ಮೆಟ್ಟಿಲುಗಳು ಬಹುಕಾಲ ಅದನ್ನೇ ಕೇಳುತ್ತಿದ್ದವು.

ಒಂದು ಚುನಾವಣೆಯ ದಿನ ನಡೆದ ಸಂಗತಿ. ನಡೆಯಲಾಗದ ಹಿರಿಯರೊಬ್ಬರನ್ನು ನಮ್ಮ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಎತ್ತಿಕೊಂಡು ಮತಗಟ್ಟೆಯ ಮೆಟ್ಟಿಲು ಹತ್ತಿಸಿದರು. ಒಳ್ಳೆಯ ಕೆಲಸ ಮಾಡಿದೆವು ಎಂಬ ಸಂತೋಷ ನಮ್ಮೆಲ್ಲರಿಗೂ ಇತ್ತು. ಮನೆಗೆ ಮರಳಿದ ಮೇಲೆ ಅವರು ಹೇಳಿದರು: “ಎತ್ಕೊಂಡು ಹೋಗಿದ್ದು ಒಳ್ಳೇದೇ ಕಣ್ರಪ್ಪಾ. ಆದ್ರೆ ಸಾಲಲ್ಲಿ ನಿಂತೋರೆಲ್ಲ ನನ್ನೇ ನೋಡ್ತಾ ಇದ್ರು. ಮುಂದಿನ ಸಲ ನಿಮಗೆ ಈ ತೊಂದರೆ ಬೇಡ, ನಾನು ಬರೋದಿಲ್ಲ.” ಒಂದು ಮತ ಹಾಕಿಸಿದೆವು ಎಂದುಕೊಂಡಿದ್ದೆವು. ಒಬ್ಬ ಮತದಾರರನ್ನು ಕಳೆದುಕೊಂಡಿದ್ದೆವು.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ತುಂಬಿದ್ದರಿಂದ ಛಾವಣಿ ತೆಗೆದು ಅವನನ್ನು ಇಳಿಸುತ್ತಾರೆ. ಯೇಸುಸ್ವಾಮಿ ಅವರ ವಿಶ್ವಾಸವನ್ನು ಮೆಚ್ಚಿದರು. ನಾವೂ ಆ ನಾಲ್ವರನ್ನು ಪ್ರೀತಿಸುತ್ತೇವೆ. ಆದರೆ ಬಾಗಿಲಲ್ಲಿದ್ದ ಜನರನ್ನು ಮರೆಯುತ್ತೇವೆ. ಅವರು ಕೆಟ್ಟವರೇನಲ್ಲ, ದೇವರ ಮಾತು ಕೇಳಲು ಬಂದವರು. ದಾರಿ ಬಿಡಬೇಕೆಂದು ಅವರಿಗೆ ತೋಚಲಿಲ್ಲ, ಅಷ್ಟೇ. ಅವರು ಸರಿದು ನಿಂತಿದ್ದರೆ ಛಾವಣಿ ತೆಗೆಯಬೇಕಾಗಿರಲಿಲ್ಲ. ಹೊರುವುದು ಕರುಣೆ. ಹೊರಬೇಕಾಗದಂತೆ ದಾರಿ ಮಾಡುವುದು ನ್ಯಾಯ. ಕರುಣೆಯನ್ನು ಕೊಟ್ಟು ನ್ಯಾಯದ ಸಾಲ ತೀರಿತು ಎನ್ನುವಂತಿಲ್ಲ.

ಈ ನ್ಯಾಯದ ಮಾತು ನಮ್ಮ ಕಾನೂನಿನಲ್ಲೂ ಇದೆ. ಮತಗಟ್ಟೆಗಳಲ್ಲಿ ಇಳಿಜಾರು ದಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಎಲ್ಲ ಮತಗಟ್ಟೆಗಳೂ ಅಂಗವಿಕಲರು ತಲುಪುವಂತಿರಬೇಕು. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳಿವೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ವಿಧಾನಸಭೆ, ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮನಿರ್ದೇಶನ ಮಾಡುವ ಮಸೂದೆಗಳನ್ನೂ ಅಂಗೀಕರಿಸಿತು.

ಕಾನೂನು ಮುಟ್ಟಲಾಗದ ಒಂದು ಜಾಗವಿದೆ, ಅದು ನಮ್ಮ ಮನೆ. ಕಣ್ಣು ಕಾಣದವರು ಮತ ಹಾಕಲು ಜೊತೆಗೊಬ್ಬರನ್ನು ಕರೆದೊಯ್ಯಬಹುದು. ಜೊತೆಗಾರರಿಗೆ 18 ವರ್ಷ ತುಂಬಿರಬೇಕು, ಒಂದು ದಿನದಲ್ಲಿ ಒಬ್ಬರಿಗೆ ಮಾತ್ರ ಜೊತೆಯಾಗಬೇಕು, ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು. ಆದರೆ ತೆರೆಯ ಹಿಂದೆ ನಡೆಯುವುದನ್ನು ನೋಡುವವರು ದೇವರೊಬ್ಬರೇ. “ಅವ್ವನಿಗೇನು ಗೊತ್ತು, ನಾವು ಹಾಕೋರಿಗೇ ಹಾಕಿದ್ರಾಯ್ತು” ಎಂದು ಎಷ್ಟು ಮನೆಗಳಲ್ಲಿ ಹೇಳಿಲ್ಲ! ಹಾಗೆ ಒತ್ತಿದ ಮತ ಅವ್ವನದಲ್ಲ, ಕದ್ದದ್ದು. ಕುರುಡನಾದ ಬಾರ್ತಿಮಾಯ ಕೂಗಿ ಕರೆದಾಗ ಅವನಿಗೇನು ಬೇಕೆಂದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ, ನಿನಗೇನು ಮಾಡಬೇಕು ಎಂದು ಅವನನ್ನೇ ಕೇಳಿದರು. ಎಲ್ಲ ಬಲ್ಲವರೇ ಕೇಳಿದ ಮೇಲೆ ನಾವು ಕೇಳದೆ ಇರುವುದು ಹೇಗೆ?

ಬುದ್ಧಿಮಾಂದ್ಯ ಇರುವ ಮಕ್ಕಳು ದೊಡ್ಡವರಾದಾಗ ಅವರ ಹೆಸರನ್ನು ಪಟ್ಟಿಗೆ ಸೇರಿಸಲು ನಾವೇ ಹೋಗುವುದಿಲ್ಲ. ಮನಸ್ಸು ಸ್ವಸ್ಥವಾಗಿಲ್ಲವೆಂದು ನ್ಯಾಯಾಲಯ ಘೋಷಿಸಿದರೆ ಮಾತ್ರ ಕಾನೂನು ಆ ಕಾರಣಕ್ಕೆ ಒಬ್ಬರನ್ನು ಹೊರಗಿಡುತ್ತದೆ. ನ್ಯಾಯಾಲಯ ಕೊಡದ ಆ ತೀರ್ಪನ್ನು ನಾವು ಅಡುಗೆಮನೆಯಲ್ಲಿ ಕೊಟ್ಟುಬಿಡುತ್ತೇವೆ.

“ಈಗ ಮನೆಯಲ್ಲೇ ಮತ ಹಾಕಬಹುದಲ್ಲ?” ಎಂದು ಕೆಲವರು ಕೇಳುತ್ತಾರೆ. ನಿಜ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು, 85 ವರ್ಷ ದಾಟಿದವರು 12ಡಿ ನಮೂನೆ ತುಂಬಿದರೆ ಅಧಿಕಾರಿಗಳೇ ಮನೆಗೆ ಬರುತ್ತಾರೆ. ಏಳಲಾಗದವರಿಗೆ ಇದು ದೊಡ್ಡ ಉಪಕಾರ. ಗುರುಗಳು ರೋಗಿಗಳ ಮನೆಗೆ ಪರಮಪ್ರಸಾದ ಒಯ್ಯುವುದನ್ನು ನೆನೆಯಿರಿ. ಹಾಸಿಗೆ ಹಿಡಿದವರಿಗೆ ಅದು ಎಷ್ಟು ಸಮಾಧಾನ! ಆದರೆ ಬಲಿಪೂಜೆಗೆ ಬರಬಲ್ಲವರಿಗೆ, “ದೇವಾಲಯಕ್ಕೆ ಮೆಟ್ಟಿಲಿದೆ, ನೀವು ಮನೆಯಲ್ಲೇ ಇರಿ” ಎಂದು ಯಾವ ಗುರುಗಳೂ ಹೇಳುವುದಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸಿಕೊಳ್ಳುವುದರಲ್ಲಿ ಒಂದು ಗೌರವವಿದೆ. ಮನೆಯೋ ಮತಗಟ್ಟೆಯೋ ಎಂಬುದು ಅವರ ಆಯ್ಕೆಯಾಗಿರಲಿ.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಮತದಾನವನ್ನು ಹಕ್ಕು ಎಂದಷ್ಟೇ ಅಲ್ಲ, ಸರ್ವರ ಹಿತಕ್ಕಾಗಿ ಸಲ್ಲಿಸಬೇಕಾದ ಕರ್ತವ್ಯ ಎಂದೂ ಕಲಿಸಿತು. ಹಾಗಾದರೆ ದಾರಿ ಮಾಡದ ನಾವು ಒಬ್ಬರ ಹಕ್ಕನ್ನಷ್ಟೇ ತಡೆಯುತ್ತಿಲ್ಲ, ಅವರು ನಮಗೆಲ್ಲ ಮಾಡಬೇಕಾದ ಸೇವೆಯನ್ನೂ ತಡೆಯುತ್ತಿದ್ದೇವೆ.

ಈ ಭಾಗದಲ್ಲಿ ನಾವು ಕನ್ನಡ, ತಮಿಳು, ತೆಲುಗು ಎಂದು ಬೇರೆ ಬೇರೆ ಮಾತಿನವರು. ಆದರೆ ಮೆಟ್ಟಿಲು ಎಲ್ಲರಿಗೂ ಒಂದೇ ಎತ್ತರ. ಮುಂದಿನ ಚುನಾವಣೆಗೆ ಮೊದಲು ಪ್ರತಿ ಮನೆಯಲ್ಲೂ ಪಟ್ಟಿ ನೋಡೋಣ. ಹೆಸರು ಬಿಟ್ಟುಹೋಗಿದ್ದರೆ ಸೇರಿಸೋಣ. ನಮ್ಮ ಮತಗಟ್ಟೆಗೆ ಇಳಿಜಾರು ದಾರಿ ಇದೆಯೇ ಎಂದು ಮುಂಚೆಯೇ ಹೋಗಿ ನೋಡಿ, ಇಲ್ಲದಿದ್ದರೆ ಅರ್ಜಿ ಕೊಡೋಣ. ಬರುವಾಗ ನಮ್ಮ ದೇವಾಲಯದ ಮೆಟ್ಟಿಲನ್ನೂ ಒಮ್ಮೆ ನೋಡೋಣ. ಆಮೇಲೆ ಆ ಹಿರಿಯರ ಮನೆಗೆ ಹೋಗಿ, ಈ ಸಲ ಹೇಗೆ ಬರುತ್ತೀರಿ ಎಂದು ಅವರನ್ನೇ ಕೇಳೋಣ.